ಅಧ್ಯಕ್ಷರ ಮನೆಯ ಜೀರ್ಣೋದ್ಧಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಇದ್ದ ಮನೆಯನ್ನು ರಿಪೇರಿ ಮಾಡಿಸಿ ನೋಡು ಎಂಬ ಮಾತನ್ನೂ ಅದಕ್ಕೆ ಸೇರಿಸಿದ್ದರೆ ತಪ್ಪಾಗುತ್ತಿರಲಿಲ್ಲ. ಹೊಸ ಮನೆ ಕಟ್ಟುವವನಿಗೆ ಬರಿಯ ನಿವೇಶನವಾದರೂ ಕಣ್ಣೆದುರಿಗಿರುತ್ತದೆ. ಹಳೆಯ ಮನೆಗೆ ಕೈಹಾಕಿದವನಿಗೆ ಗಾರೆಯ ಹಿಂದೆ ಏನಿದೆಯೆಂಬುದು ಗಾರೆ ಕೆತ್ತಿದ ಮೇಲೆಯೇ ಗೊತ್ತಾಗುವುದು. ಒಂದು ತೊಲೆ ಬದಲಾಯಿಸೋಣವೆಂದು ಹೊರಟವರು ಚಾವಣಿಯನ್ನೇ ಇಳಿಸಬೇಕಾಗುತ್ತದೆ. ಎರಡು ತಿಂಗಳ ಮಾತಿಗೆ ಬಾಡಿಗೆ ಮನೆ ಸೇರಿದವರು ಎರಡು ಯುಗಾದಿಗಳನ್ನು ಅಲ್ಲಿಯೇ ಕಳೆಯುತ್ತಾರೆ. ಮೇಸ್ತ್ರಿ ಹೇಳಿದ ಲೆಕ್ಕ ಒಂದು, ಕೈಬಿಟ್ಟುಹೋದ ಹಣ ಇನ್ನೊಂದು.

ಈ ಪಾಡು ಸಾಮಾನ್ಯ ಸಂಸಾರಿಗಳಿಗೆ ಮಾತ್ರ ಮೀಸಲಾದುದಲ್ಲ. ಜಗತ್ತಿನಲ್ಲೇ ಅತ್ಯಂತ ಪ್ರಬಲರೆನಿಸಿದ್ದ ವ್ಯಕ್ತಿಯೊಬ್ಬರು ಹೆಂಡತಿ, ಮಗಳು ಹಾಗೂ ವೃದ್ಧೆಯಾದ ಅತ್ತೆಯೊಡನೆ ಮನೆ ಬಿಟ್ಟು, ಎದುರು ಬೀದಿಯ ಮನೆಯೊಂದರಲ್ಲಿ ಮೂರು ವರ್ಷ ನಾಲ್ಕು ತಿಂಗಳು ಕಾಲ ಹಾಕಿದ್ದುಂಟು. ಆ ಮನೆ ವಾಷಿಂಗ್ಟನ್ನಿನ ಶ್ವೇತಭವನ. ಆ ಸಂಸಾರಿ ಅಮೆರಿಕದ 33ನೆಯ ಅಧ್ಯಕ್ಷ ಹ್ಯಾರಿ ಟ್ರೂಮನ್.

ತೂಗಾಡಿದ ದೀಪಗುಚ್ಛ

1945ರ ಏಪ್ರಿಲ್ 12ರಂದು ಅಧ್ಯಕ್ಷ ರೂಸ್‌ವೆಲ್ಟರು ಹಠಾತ್ತನೆ ಮರಣ ಹೊಂದಲು ಉಪಾಧ್ಯಕ್ಷರಾಗಿದ್ದ ಟ್ರೂಮನ್ನರು ಅವರ ಸ್ಥಾನಕ್ಕೆ ಬಂದರು. ಅದುವರೆಗೆ ಅವರ ಸಂಸಾರ ವಾಷಿಂಗ್ಟನ್ನಿನ ಒಂದು ಸಾಧಾರಣ ವಸತಿಯಲ್ಲಿತ್ತು. ಪತ್ನಿ ಬೆಸ್, ಒಬ್ಬಳೇ ಮಗಳು ಮಾರ್ಗರೆಟ್. ಸ್ವಂತ ಊರಾದ ಮಿಸ್ಸೂರಿಯ ಇಂಡಿಪೆಂಡೆನ್ಸ್‌ನಲ್ಲಿಯೂ ಅವರಿಗೆ ತಮ್ಮದೆಂಬ ಮನೆಯಿರಲಿಲ್ಲ. 1919ರಲ್ಲಿ ಮದುವೆಯಾದಾಗಿನಿಂದ ದಂಪತಿಗಳು ಅಲ್ಲಿ ಬೆಸ್ ಅವರ ತವರು ಮನೆಯಲ್ಲಿಯೇ ಇದ್ದರು.

ಅಂಥವರಿಗೆ ಈಗ ದೊರೆತದ್ದು ಮಹಾಭವನ. ಆದರೆ ರಾತ್ರಿಯಾದರೆ ಅಲ್ಲಿ ನೆಲ ಕಿರುಗುಟ್ಟುತ್ತಿತ್ತು. ಗೋಡೆಗಳು ಚಟಪಟನೆ ಸದ್ದು ಮಾಡುತ್ತಿದ್ದುವು. ಯಾರೋ ನಡೆದಾಡಿದಂತೆ ಕೇಳಿಸುತ್ತಿತ್ತು. ಬೆಸ್ ಊರಿನಲ್ಲಿದ್ದಾಗ ಅಧ್ಯಕ್ಷರು ಆಕೆಗೆ ಬರೆದ ಪತ್ರಗಳಲ್ಲಿ, ಹಿಂದಿನ ಅಧ್ಯಕ್ಷರ ಪ್ರೇತಗಳು ಮನೆಯಲ್ಲಿ ಸಂಚರಿಸುತ್ತಿವೆಯೆಂದು ವಿನೋದ ಮಾಡಿದ್ದಾರೆ.

ವಿನೋದವು ಕ್ರಮೇಣ ಚಿಂತೆಗೆ ತಿರುಗಿತು. ಕೆಳಗಿನ ನೀಲಿ ಕೊಠಡಿಯಲ್ಲಿ ಅತಿಥಿಗಳು ನೆರೆದಿದ್ದಾಗ, ಮೇಲಿನಿಂದ ತೂಗುಬಿಟ್ಟಿದ್ದ ಭಾರಿ ಸ್ಫಟಿಕದ ದೀಪಗುಚ್ಛ ಗಾಳಿಯಿಲ್ಲದೆಯೇ ಅಲುಗಾಡಿತು. ಅಧ್ಯಕ್ಷರ ಸ್ನಾನದ ಮನೆಯ ನೆಲ ಕುಗ್ಗುತ್ತಿತ್ತು. ತಾವು ಸ್ನಾನದ ತೊಟ್ಟಿಯ ಸಮೇತ, ಮೈಮೇಲೆ ಕನ್ನಡಕವೊಂದನ್ನುಳಿದು ಮತ್ತೇನೂ ಇಲ್ಲದೆ, ಕೆಳಗೆ ಸೇರಿದ ಗೌರವಸ್ಥ ಮಹಿಳೆಯರ ನಡುವೆ ಬಂದಿಳಿದರೆ ಹೇಗಿರಬಹುದೆಂದು ಟ್ರೂಮನ್ನರು ಹೇಳಿ ನಗಿಸುತ್ತಿದ್ದರಂತೆ. 1948ರ ಬೇಸಗೆಯಲ್ಲಿ ನಗುವುದಕ್ಕೂ ಅವಕಾಶ ಉಳಿಯಲಿಲ್ಲ. ಸಂಗೀತಾಭ್ಯಾಸಿಯಾಗಿದ್ದ ಮಾರ್ಗರೆಟ್ ಅವರ ಕೋಣೆಯಲ್ಲಿದ್ದ ಪಿಯಾನೋವಿನ ಒಂದು ಕಾಲು ಹಲಗೆಯನ್ನು ಸೀಳಿಕೊಂಡು ನೆಲದೊಳಕ್ಕೆ ಇಳಿಯಿತು. ಕೆಳಗಿನ ಊಟದ ಮನೆಯ ಚಾವಣಿಯ ಗಾರೆ ಉದುರಿತು.

ಅಭ್ಯಾಸಬಲದಿಂದ ನಿಂತ ಮಹಡಿ

ಇಂಜಿನಿಯರುಗಳು ಬಂದರು, ಗೋಡೆ ಕೆತ್ತಿ, ಹಲಗೆ ಎತ್ತಿ ನೋಡಿದರು. ಎರಡನೆಯ ಮಹಡಿ ತನ್ನ ಬಲದಿಂದಲ್ಲ, ಬರಿಯ ಅಭ್ಯಾಸಬಲದಿಂದ ನಿಂತಿದೆಯೆಂಬ ಮಾತು ಆಗಲೇ ಹುಟ್ಟಿದ್ದು.

ಭವನಕ್ಕೆ ಬಂದ ರೋಗ ಒಂದು ದಿನದ್ದಲ್ಲ. 1792ರ ಅಕ್ಟೋಬರ್ 13ರಂದು ಅದಕ್ಕೆ ಅಸ್ತಿವಾರದ ಕಲ್ಲು ಬಿದ್ದಿತು. ಐರ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಹೋಬನ್ ಅದರ ಶಿಲ್ಪಿ. 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಅಲ್ಲಿ ವಾಸಕ್ಕೆ ಬಂದರು. 1814ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಅದಕ್ಕೆ ಬೆಂಕಿಯಿಟ್ಟಿತು. ಕಲ್ಲಿನ ಗೋಡೆಗಳುಳಿದು ಒಳಗೆಲ್ಲ ಬೂದಿಯಾಯಿತು. ಅದೇ ಹೋಬನ್ನನು ಅವಸರವಸರವಾಗಿ ಮತ್ತೆ ಕಟ್ಟಿದನು. 1817ರಲ್ಲಿ ಅಧ್ಯಕ್ಷ ಮನ್ರೋ ಅದನ್ನು ಪ್ರವೇಶಿಸಿದರು.

ಅಲ್ಲಿಂದ ಮುಂದೆ ಬಂದವರೆಲ್ಲರೂ ಮನೆಗೆ ಒಂದಿಷ್ಟು ಅನುಕೂಲ ಸೇರಿಸುತ್ತ ಹೋದರು. 1833ರಲ್ಲಿ ನಲ್ಲಿ ನೀರು, 1848ರಲ್ಲಿ ಅನಿಲದ ದೀಪ, 1891ರಲ್ಲಿ ವಿದ್ಯುತ್ತು. ಪ್ರತಿಯೊಂದು ಬಂದಾಗಲೂ ಕೊಳವೆಗೆ, ತಂತಿಗೆ ದಾರಿ ಬೇಕು; ಕೆಲಸದವರು ಎದುರಿಗೆ ಸಿಕ್ಕ ತೊಲೆಯನ್ನೇ ಕೊರೆದು ದಾರಿ ಮಾಡಿದರು. 1902ರಲ್ಲಿ ದೊಡ್ಡ ಭೋಜನಶಾಲೆಯನ್ನು ಹಿಗ್ಗಿಸುವುದಕ್ಕಾಗಿ ಮೆಟ್ಟಿಲ ಸಾಲನ್ನೂ ಭಾರ ಹೊತ್ತಿದ್ದ ಗೋಡೆಯನ್ನೂ ತೆಗೆದರು. 1927ರಲ್ಲಿ ಮರದ ಅಟ್ಟವನ್ನು ಕಿತ್ತು, ಉಕ್ಕು ಮತ್ತು ಕಾಂಕ್ರೀಟಿನ ಮೂರನೆಯ ಅಂತಸ್ತನ್ನು ಏರಿಸಿದರು. ಈ ಹೊಸ ಹೊರೆಯೆಲ್ಲ ಮೆತ್ತನೆಯ ಜೇಡಿಮಣ್ಣಿನ ಮೇಲೆ ನಿಂತಿದ್ದ ಒಳಗಿನ ಇಟ್ಟಿಗೆಯ ಗೋಡೆಗಳ ತಲೆಯ ಮೇಲೆ ಬಿದ್ದಿತು.

ಮನೆಯವರೆಲ್ಲರೂ ತಂತಮ್ಮ ಅನುಕೂಲಕ್ಕೆ ಒಂದೊಂದು ರಂಧ್ರ ಕೊರೆದರು. ಇಡೀ ಮನೆಯ ಭಾರವನ್ನು ಕೂಡಿ ನೋಡಿದವರು ಯಾರೂ ಇರಲಿಲ್ಲ. ಟ್ರೂಮನ್ನರೂ ಇದಕ್ಕೆ ಹೊರತಲ್ಲ. ದಕ್ಷಿಣದ ಕಂಬಸಾಲಿನ ನಡುವೆ ಎರಡನೆಯ ಮಹಡಿಗೆ ಒಂದು ಮೊಗಸಾಲೆ ಬೇಕೆಂದು ಹಟ ಹಿಡಿದು, ಪತ್ರಿಕೆಗಳ ಟೀಕೆಗೆ ಗುರಿಯಾಗಿ, 1948ರಲ್ಲಿ ಅದನ್ನು ಕಟ್ಟಿಸಿಯೇ ಬಿಟ್ಟಿದ್ದರು. ಮೊಗಸಾಲೆಯ ಕೆಲಸ ಮುಗಿದ ವರ್ಷವೇ ಅದರ ಹಿಂದಿನ ಮನೆ ಬೀಳುವಂತಿದೆಯೆಂದು ತಿಳಿಯಿತು!

ಅದು ಚುನಾವಣೆಯ ವರ್ಷ. ನವೆಂಬರ್ 2ರಂದು, ಎಲ್ಲರ ಊಹೆಗಳನ್ನೂ ಸುಳ್ಳು ಮಾಡಿ, ಟ್ರೂಮನ್ನರು ಗೆದ್ದರು. ಗೆದ್ದು ಬಂದವರಿಗೆ ಕಾದಿದ್ದದ್ದು ಮನೆ ಖಾಲಿ ಮಾಡಬೇಕೆಂಬ ಸಲಹೆ. ಅದೇ ತಿಂಗಳಲ್ಲಿ ಸಂಸಾರ ಪೆನ್ಸಿಲ್ವೇನಿಯಾ ಅವೆನ್ಯೂವಿನ ಆಚೆ ಬದಿಯ ಬ್ಲೇರ್ ಹೌಸಿಗೆ ಹೊರಟಿತು. ಅದು ಸರ್ಕಾರದ ಅತಿಥಿಗೃಹ, 1824ರಲ್ಲಿ ಕಟ್ಟಿದ್ದು. ಕೆಟ್ಟ ಮನೆಯೇನಲ್ಲ, ಆದರೆ ಅಧ್ಯಕ್ಷರ ಸತ್ಕಾರಗಳಿಗೆ ಇಕ್ಕಟ್ಟು. ಶ್ರೀಮತಿ ಟ್ರೂಮನ್ನರು ಒಂದೇ ಸತ್ಕಾರವನ್ನು ಹಲವು ಸರದಿಗಳಲ್ಲಿ ನಡೆಸಬೇಕಾಯಿತು. 1949ರ ಅಕ್ಟೋಬರ್‌ನಲ್ಲಿ ಭಾರತದ ಪ್ರಧಾನಿ ನೆಹರೂ ಅವರು ಮೊದಲ ಬಾರಿಗೆ ಅಮೆರಿಕಕ್ಕೆ ಭೇಟಿಯಿತ್ತಾಗಲೂ ಶ್ವೇತಭವನ ಬರಿದಾಗಿಯೇ ಇತ್ತು.

ಕೆಡವುವುದೋ, ಉಳಿಸುವುದೋ?

ಹಳೆಯ ಮನೆಯ ರಿಪೇರಿಯಲ್ಲಿ ಹಣಕ್ಕಿಂತ ಮೊದಲು ಏಳುವ ಜಗಳ ಒಂದಿದೆ. ‘ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದರೆ ಅಗ್ಗ, ಗಟ್ಟಿ, ಬೇಗ’ ಎನ್ನುವವರು ಒಂದು ಕಡೆ. ‘ಅಜ್ಜ ಕಟ್ಟಿಸಿದ ಗೋಡೆಯ ಮೇಲೆ ಹಾರೆ ಬೀಳಕೂಡದು’ ಎನ್ನುವವರು ಇನ್ನೊಂದು ಕಡೆ. ಅಮೆರಿಕದ ಕಾಂಗ್ರೆಸ್ಸಿನಲ್ಲಿಯೂ ನಡೆದದ್ದು ಇದೇ.

1949ರ ಏಪ್ರಿಲ್‌ನಲ್ಲಿ ಆರು ಜನರ ಸಮಿತಿಯೊಂದು ಏರ್ಪಟ್ಟಿತು. ಇಬ್ಬರು ಸೆನೆಟರುಗಳು, ಇಬ್ಬರು ಕೆಳಮನೆಯ ಸದಸ್ಯರು, ಅಧ್ಯಕ್ಷರು ನೇಮಿಸಿದ ಇಬ್ಬರು. ಮುಂದೆ 54 ಲಕ್ಷ ಡಾಲರುಗಳು ಮಂಜೂರಾದುವು. ಇಡೀ ಕಟ್ಟಡವನ್ನು ನೆಲಸಮ ಮಾಡಿ, ಅದೇ ರೂಪದಲ್ಲಿ ಹೊಸ ಕಲ್ಲಿನಿಂದ ಕಟ್ಟಬಹುದೆಂಬುದು ಒಂದು ಸಲಹೆ. ಹೊರಗೋಡೆಗಳನ್ನು ಹಾಗೆಯೇ ನಿಲ್ಲಿಸಿ, ಒಳಗಿನದನ್ನೆಲ್ಲ ಬಗೆದು ತೆಗೆದು, ಗೋಡೆಗಳ ನಡುವೆ ಉಕ್ಕಿನ ಹೊಸ ಹಂದರವನ್ನು ನಿಲ್ಲಿಸಬೇಕೆಂಬುದು ಇನ್ನೊಂದು. ಎರಡನೆಯದು ಕಷ್ಟದ ದಾರಿ. ಸಮಿತಿ ಅದನ್ನೇ ಹಿಡಿಯಿತು. ಟ್ರೂಮನ್ನರ ಮನಸ್ಸೂ ಅದರಲ್ಲಿಯೇ ಇತ್ತು.

ಟ್ರೂಮನ್ನರು ಈ ವಿಷಯದಲ್ಲಿ ಕೇವಲ ಹಟಮಾರಿಯಾಗಿರಲಿಲ್ಲ. ಅಧ್ಯಕ್ಷರಾಗುವ ಎಷ್ಟೋ ವರ್ಷಗಳ ಮೊದಲು ತಮ್ಮ ಜಿಲ್ಲೆಯ ಆಡಳಿತದಲ್ಲಿದ್ದಾಗ ರಸ್ತೆಗಳನ್ನೂ ನ್ಯಾಯಾಲಯದ ಕಟ್ಟಡವನ್ನೂ ತಾವೇ ಮುಂದೆ ನಿಂತು ಕಟ್ಟಿಸಿದವರು ಅವರು. ಜಲ್ಲಿ, ಗಾರೆ, ಗುತ್ತಿಗೆ ಇವುಗಳ ಭಾಷೆ ಅವರಿಗೆ ಬರುತ್ತಿತ್ತು.

ಮನೆಯೊಳಗೆ ಬಯಲು

1949ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯದ ಗುತ್ತಿಗೆದಾರ ಜಾನ್ ಮೆಕ್‌ಶೇನರ ಸಂಸ್ಥೆ ಕೆಲಸ ಹಿಡಿಯಿತು. ಮೊದಲು ಪೀಠೋಪಕರಣಗಳು, ಬಳಿಕ ಬಾಗಿಲು, ಕಿಟಕಿ, ಕೆತ್ತನೆಯ ಮರದ ಹಲಗೆಗಳು ಹೊರಬಂದುವು. ಮತ್ತೆ ಕೂಡಿಸುವ ಉದ್ದೇಶದಿಂದ ಅನೇಕ ಭಾಗಗಳಿಗೆ ಸಂಖ್ಯೆ ಬರೆದು ಉಗ್ರಾಣಕ್ಕೆ ಸೇರಿಸಿದರು. ಆಮೇಲೆ ನೆಲ, ಜಂತೆ, ಒಳಗೋಡೆಗಳು ಇಳಿದುವು.

ಕೆಲವೇ ತಿಂಗಳಲ್ಲಿ ಶ್ವೇತಭವನ ಒಂದು ದೊಡ್ಡ ಕರಟವಾಯಿತು. ಬೀದಿಯಲ್ಲಿ ನಿಂತವರಿಗೆ ಅದೇ ಬಿಳಿಯ ಗೋಡೆ, ಅದೇ ಕಂಬಗಳು. ಒಳಗೆ ಕಾಲಿಟ್ಟವರಿಗೆ ಆಕಾಶದೆತ್ತರದ ಬಯಲು, ನಾಲ್ಕೂ ಕಡೆ ಬರಿಯ ಇಟ್ಟಿಗೆ, ನಡುವೆ ಗೋಡೆಗಳು ಬಾಗದಂತೆ ಒತ್ತುಕೊಟ್ಟ ಉಕ್ಕಿನ ಊರೆಗಳು. ಸರ್ಕಾರದ ಛಾಯಾಗ್ರಾಹಕ ಏಬಿ ರೋ ತೆಗೆದ ಆಗಿನ ಚಿತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದನ್ನು ನೋಡಿದವರು ಮರೆಯುವುದಿಲ್ಲ: ಅಧ್ಯಕ್ಷರ ಮನೆಯ ಹೊಟ್ಟೆಯೊಳಗೆ ಒಂದು ಬುಲ್‌ಡೋಜರ್ ಮಣ್ಣು ಅಗೆಯುತ್ತಿದೆ! ಅದು ಒಳಗೆ ಹೋದ ಬಗೆಯೂ ಸ್ವಾರಸ್ಯವಾದುದು. ಯಂತ್ರ ಹಾಯುವಷ್ಟು ದೊಡ್ಡ ಕಂಡಿಯನ್ನು ಹೊರಗೋಡೆಯಲ್ಲಿ ಒಡೆಯಲು ಟ್ರೂಮನ್ನರು ಒಪ್ಪಲಿಲ್ಲ. ಆದುದರಿಂದ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ಒಳಗೆ ಸಾಗಿಸಿ, ಅಲ್ಲಿ ಮತ್ತೆ ಜೋಡಿಸಿದರು.

ಗೋಡೆಗಳನ್ನು ಉಳಿಸಬೇಕಾದರೆ ಅವುಗಳ ಕಾಲಿಗೆ ಬಲ ಕೊಡಬೇಕು. ಗೋಡೆಯ ಅಡಿಯಲ್ಲಿ ಒಂದು ಕಡೆ ಗುಂಡಿ ತೋಡಿ, ಜೇಡಿಮಣ್ಣನ್ನು ದಾಟಿ ಗಟ್ಟಿ ನೆಲ ಸಿಕ್ಕುವವರೆಗೆ ಇಳಿದು, ಕಾಂಕ್ರೀಟು ತುಂಬಿ, ಅದು ಗಟ್ಟಿಯಾದ ಬಳಿಕ ಇನ್ನೊಂದು ಕಡೆ ತೋಡಬೇಕು. ಒಮ್ಮೆಗೇ ಎಲ್ಲ ಕಡೆಯೂ ಅಗೆದರೆ ಗೋಡೆ ಕುಸಿಯುತ್ತದೆ. ಹೀಗೆ ಒಂದಾದ ಮೇಲೊಂದರಂತೆ 126 ಆಧಾರಗಳನ್ನು ಇಳಿಸಿದರು. ಒಂದೂವರೆ ಶತಮಾನ ಮಣ್ಣಿನ ಮೇಲೆ ನಿಂತಿದ್ದ ಗೋಡೆಗಳಿಗೆ ಆಗ ಮೊದಲ ಬಾರಿಗೆ ಗಟ್ಟಿ ನೆಲ ಸಿಕ್ಕಿತು. ಕೆಳಗೆ ಎರಡು ನೆಲಮಾಳಿಗೆಗಳನ್ನು ತೋಡಿದರು. ಅಣುಬಾಂಬಿನ ಭೀತಿಯ ಕಾಲವಾದುದರಿಂದ ರಕ್ಷಣೆಯ ನೆಲಮನೆಯೊಂದೂ ಸಿದ್ಧವಾಯಿತು. ಮೇಲೆ ಉಕ್ಕಿನ ಹಂದರವೆದ್ದು ಎಲ್ಲ ಅಂತಸ್ತುಗಳ ಭಾರವನ್ನೂ ತಾನೇ ಹೊತ್ತಿತು.

ಕಳೆದುಹೋದದ್ದು

ಗೋಡೆಯನ್ನು ಉಳಿಸಿದವರು ಒಳಗಿನದನ್ನೆಲ್ಲ ಉಳಿಸಿಕೊಳ್ಳಲಾರದೆ ಹೋದರು. ಸಂಖ್ಯೆ ಬರೆದಿಟ್ಟ ಹಲಗೆಗಳಲ್ಲಿ ಎಷ್ಟೋ ಮತ್ತೆ ಮನೆಗೆ ಹಿಂದಿರುಗಲಿಲ್ಲ; ಹಳೆಯದನ್ನು ಸರಿಪಡಿಸಿ ಕೂಡಿಸುವುದಕ್ಕಿಂತ ಹೊಸದನ್ನು ಮಾಡಿಸುವುದು ಸುಲಭವೆಂದು ಕಂಡಿತು. ಭಗ್ನಾವಶೇಷಗಳ ಬಹುಭಾಗ ವರ್ಜೀನಿಯದ ಸೇನಾನೆಲೆಯೊಂದರಲ್ಲಿ ತಗ್ಗು ಮುಚ್ಚುವುದಕ್ಕೆ ಹೋಯಿತು. ಒಂದಷ್ಟು ಇಟ್ಟಿಗೆಗಳು ಮೊದಲ ಅಧ್ಯಕ್ಷ ವಾಷಿಂಗ್ಟನ್ನರ ನಿವಾಸವಾಗಿದ್ದ ಮೌಂಟ್ ವರ್ನನ್ನಿಗೆ ಸೇರಿದುವು. ಹಳೆಯ ಮೊಳೆ, ಮರದ ತುಂಡು, ಕಲ್ಲಿನ ಚೂರುಗಳನ್ನು ನೆನಪಿನ ಕಾಣಿಕೆಯಾಗಿ ಜನರಿಗೆ ಅಲ್ಪ ಬೆಲೆಗೆ ಕಳುಹಿಸಿಕೊಟ್ಟರು. ಬೇಕೆಂದು ಬರೆದವರು ಸಾವಿರಾರು ಮಂದಿ.

ಆದರೂ ಕೆಲವು ವಸ್ತುಗಳಿಗೆ ಮರುಹುಟ್ಟು ದೊರೆಯಿತು. 1817ರ ದೇವದಾರು ತೊಲೆಗಳನ್ನು ಸೀಳಿ ಹಲಗೆ ಮಾಡಿ ನೆಲಅಂತಸ್ತಿನ ಕೊಠಡಿಗಳ ಗೋಡೆಗಳಿಗೆ ಹೊದಿಸಿದರು. ಭಾರ ಹೊರಲಾರದೆ ಬಳಲಿದ್ದ ತೊಲೆಗಳು ಹೀಗೆ ಅದೇ ಮನೆಯಲ್ಲಿ ಅಲಂಕಾರವಾಗಿ ಉಳಿದುವು. ಗಾರೆ ಕೆತ್ತಿದಾಗ ಕೆಲವು ಕಲ್ಲುಗಳ ಮೇಲೆ, ಮೊದಲು ಅವುಗಳನ್ನು ಕಡೆದ ಕಲ್ಲುಕುಟಿಗರು ಕೊರೆದಿದ್ದ ಗುರುತುಗಳು ಕಂಡುವು. ಟ್ರೂಮನ್ನರು ಸ್ವತಃ ಫ್ರೀಮೇಸನ್ ಸಂಘಕ್ಕೆ ಸೇರಿದವರು. ಆ ಕಲ್ಲುಗಳನ್ನು ಜೋಪಾನವಾಗಿ ತೆಗೆಸಿ, ಬೇರೆ ಬೇರೆ ಸಂಸ್ಥಾನಗಳಲ್ಲಿದ್ದ ಆ ಸಂಘದ ಶಾಖೆಗಳಿಗೆ ಕಳುಹಿಸಿದರು. 1814ರ ಬೆಂಕಿ ಕರಿಹಿಡಿಸಿದ ಕಲ್ಲುಗಳು ಗೋಡೆಯಲ್ಲಿ ಇನ್ನೂ ಇದ್ದುವು.

ಬಾಗಿಲಲ್ಲಿ ಬಿದ್ದ ಕಾವಲುಗಾರ

ಮನೆ ಬಿಟ್ಟು ಬಂದ ಸಂಸಾರಕ್ಕೆ ಅತ್ಯಂತ ದೊಡ್ಡ ಆಘಾತ ಕಾದಿದ್ದದ್ದು ಈ ತಾತ್ಕಾಲಿಕ ವಸತಿಯಲ್ಲಿಯೇ. ಶ್ವೇತಭವನಕ್ಕೆ ಸುತ್ತಲೂ ತೋಟವಿದೆ, ಬೇಲಿಯಿದೆ. ಬ್ಲೇರ್ ಹೌಸಿನ ಮೆಟ್ಟಿಲು ಇಳಿದರೆ ಕಾಲುದಾರಿ, ಅದರಾಚೆ ಬೀದಿ. ಅಧ್ಯಕ್ಷರು ಕಚೇರಿಗೆ ದಿನವೂ ಆ ಬೀದಿಯನ್ನು ದಾಟಿ ನಡೆದೇ ಹೋಗುತ್ತಿದ್ದರು.

1950ರ ನವೆಂಬರ್ 1ರ ಮಧ್ಯಾಹ್ನ. ಊಟವಾದ ಮೇಲೆ ಟ್ರೂಮನ್ನರು ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಪೋರ್ಟೊರಿಕೊದ ಸ್ವಾತಂತ್ರ್ಯವಾದಿಗಳಾದ ಆಸ್ಕರ್ ಕೊಲಾಜೊ ಮತ್ತು ಗ್ರಿಸೆಲಿಯೊ ಟೊರ್ರೆಸೋಲಾ ಪಿಸ್ತೂಲು ಹಿಡಿದು ಎರಡು ಕಡೆಗಳಿಂದ ಮನೆಯ ಮೇಲೆ ಬಿದ್ದರು. ಕಾವಲಿನಲ್ಲಿದ್ದ ಲೆಸ್ಲಿ ಕಾಫೆಲ್ಟ್‌ಗೆ ಹಲವು ಗುಂಡುಗಳು ತಗುಲಿದುವು. ಆ ಸ್ಥಿತಿಯಲ್ಲಿಯೂ ಅವರು ಗುರಿಯಿಟ್ಟು ಹಾರಿಸಿದ ಗುಂಡಿಗೆ ಟೊರ್ರೆಸೋಲಾ ಸತ್ತುಬಿದ್ದನು. ಅದೇ ದಿನ ಕಾಫೆಲ್ಟ್ ಕೂಡ ಪ್ರಾಣ ಬಿಟ್ಟರು. ಗಾಯಗೊಂಡ ಕೊಲಾಜೊ ಸೆರೆಸಿಕ್ಕಿದನು. ಅವನಿಗೆ ವಿಧಿಸಿದ ಮರಣದಂಡನೆಯನ್ನು 1952ರಲ್ಲಿ ಟ್ರೂಮನ್ನರೇ ಜೀವಾವಧಿ ಶಿಕ್ಷೆಗೆ ಇಳಿಸಿದರು.

ಸದ್ದಿಗೆ ಎಚ್ಚೆತ್ತು ಕಿಟಕಿಯಲ್ಲಿ ಇಣುಕಿದ ಅಧ್ಯಕ್ಷರನ್ನು ಒಳಕ್ಕೆ ಸರಿಯುವಂತೆ ಕೆಳಗಿದ್ದವರು ಕೂಗಿ ಎಚ್ಚರಿಸಿದರು. ಅಂದಿನಿಂದ ಬೀದಿ ದಾಟುವ ಅವರ ನಡಿಗೆ ನಿಂತಿತು. ಅಷ್ಟು ದೂರಕ್ಕೂ ಮೋಟಾರಿನಲ್ಲಿ ಹೋಗಬೇಕಾಯಿತು. ರಿಪೇರಿಯ ಲೆಕ್ಕವನ್ನು ಡಾಲರುಗಳಲ್ಲಿ ಬರೆಯುವವರು ಕಾಫೆಲ್ಟರ ಹೆಸರನ್ನು ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಆದರೆ ಬೀದಿಯಂಚಿನ ಆ ಮನೆಯಲ್ಲಿ ಅಧ್ಯಕ್ಷರು ಇಲ್ಲದಿದ್ದರೆ ಅಂದು ಅಲ್ಲಿ ಅವರು ಕಾವಲು ನಿಲ್ಲುವ ಪ್ರಮೇಯವೇ ಇರುತ್ತಿರಲಿಲ್ಲ.

ಹಿಂದಿರುಗಿದ ದಿನ

1950ರ ಜೂನ್‌ನಲ್ಲಿಯೇ ಕೊರಿಯಾದ ಯುದ್ಧ ಆರಂಭವಾಗಿತ್ತು. ಸಾಮಗ್ರಿಗೂ ಕೆಲಸಗಾರರಿಗೂ ಅಭಾವ; ಬೆಲೆಗಳೆಲ್ಲ ಏರಿದುವು. ಮಂಜೂರಾದ ಹಣ ಸಾಲದೆ ಮತ್ತೆ ಕೇಳಬೇಕಾಯಿತು. 1951ರಲ್ಲಿಯೇ ಮುಗಿಯಬೇಕಾಗಿದ್ದ ಕೆಲಸ ಮುಂದಿನ ವರ್ಷಕ್ಕೆ ಸಾಗಿತು. ಗೋಡೆ, ಕೊಳವೆಗಳಿಗೇ ಹಣ ಕರಗಿದ ಮೇಲೆ ಪೀಠೋಪಕರಣಗಳಿಗೆ ಉಳಿದದ್ದು ಅಲ್ಪ. ನ್ಯೂಯಾರ್ಕಿನ ಅಂಗಡಿಯೊಂದು ಲಾಭ ಬಿಟ್ಟು ಅಸಲು ಬೆಲೆಗೆ ಸಾಮಾನು ಒದಗಿಸಿ ಮಾನ ಕಾಪಾಡಿತು. ಮನೆಯೊಡೆಯನ ತಾಳ್ಮೆ ತೀರುತ್ತ ಬಂದಿತ್ತು. ಟ್ರೂಮನ್ನರು ಪದೇ ಪದೇ ಬಂದು ನೋಡಿ, ಕೆಲಸವನ್ನು ಚುರುಕುಗೊಳಿಸುತ್ತಿದ್ದರು.

ಕಡೆಗೆ 1952ರ ಮಾರ್ಚ್ 27ರ ಸಂಜೆ ಫ್ಲಾರಿಡದ ವಿಶ್ರಾಂತಿ ಮುಗಿಸಿ ಬಂದ ಅಧ್ಯಕ್ಷರ ಕೈಗೆ ಮನೆಯ ಬಾಗಿಲಲ್ಲಿ ಚಿನ್ನದ ಬೀಗದ ಕೈಯನ್ನಿತ್ತರು. ಗಂಡಹೆಂಡಿರಿಬ್ಬರೂ ಆ ರಾತ್ರಿ ಹಜಾರದಿಂದ ಹಜಾರಕ್ಕೆ ಸುತ್ತಿದರು. ಪೂರ್ವದ ಹಜಾರ, ಹಸಿರು ಕೊಠಡಿ, ನೀಲಿ ಕೊಠಡಿ, ಕೆಂಪು ಕೊಠಡಿ, ಭೋಜನಶಾಲೆ. ದಿಕ್ಕು ಬದಲಿಸಿ ಹೊಸದಾಗಿ ಕಟ್ಟಿದ್ದ ಮಹಾಸೋಪಾನ ಮೆಟ್ಟಿಲು ಮೆಟ್ಟಿಲಾಗಿ ಬೆಳಗುತ್ತಿತ್ತು. ಟ್ರೂಮನ್ನರು ದಿನಚರಿಯಲ್ಲಿ ಎಲ್ಲವನ್ನೂ ಮೆಚ್ಚಿ ಬರೆದರು. ಪಟ್ಟ ಕಷ್ಟ ಸಾರ್ಥಕವಾಯಿತೆಂದರು. ಅದರ ಜೊತೆಗೇ ಇನ್ನೊಂದು ಮಾತನ್ನೂ ಬರೆದಿಟ್ಟರು: ಕೆಲಸದ ಹೊಣೆಯನ್ನು ತಮಗೇ ಬಿಟ್ಟಿದ್ದರೆ ಅರ್ಧ ಹಣದಲ್ಲಿ, ಅರ್ಧ ಕಾಲದಲ್ಲಿ ಮುಗಿಸುತ್ತಿದ್ದೆನೆಂದು! ಮನೆ ರಿಪೇರಿ ಮಾಡಿಸಿದ ಯಾವ ಗೃಹಸ್ಥನು ಈ ಮಾತನ್ನು ಆಡಿಲ್ಲ?

ಎರಡೇ ದಿನಗಳ ಬಳಿಕ, ಮಾರ್ಚ್ 29ರಂದು, ತಾವು ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ಟ್ರೂಮನ್ನರು ಸಾರಿದರು. ಮನೆ ಸಿದ್ಧವಾದಾಗ ಮನೆಯವರಿಗೆ ಉಳಿದಿದ್ದದ್ದು ಹತ್ತು ತಿಂಗಳು ಮಾತ್ರ. ಮೇ 3ರಂದು ಅವರು ಟೆಲಿವಿಷನ್ನಿನ ಮೂಲಕ ದೇಶಕ್ಕೆಲ್ಲ ಮನೆಯನ್ನು ತೋರಿಸಿದರು. ಮಾತಿನ ನಡುವೆ ಪಿಯಾನೋದ ಮುಂದೆ ಕುಳಿತು ಮೊಟ್ಸಾರ್ಟನ ಸಂಗೀತದ ತುಣುಕೊಂದನ್ನು ನುಡಿಸಿದರು. ಈ ಸಲ ಪಿಯಾನೋದ ಕೆಳಗಿನ ನೆಲ ಅಲುಗಲಿಲ್ಲ. ಡಿಸೆಂಬರ್ 5ರಂದು ಬೆಸ್ ಅವರ ತಾಯಿ ಆ ಹೊಸ ಮನೆಯಲ್ಲಿಯೇ ತೀರಿಕೊಂಡರು. 1953ರ ಜನವರಿ 20ರಂದು ಮನೆಯನ್ನು ಐಸೆನ್‌ಹೋವರರಿಗೆ ಬಿಟ್ಟುಕೊಟ್ಟು, ದಂಪತಿಗಳು ಇಂಡಿಪೆಂಡೆನ್ಸಿನ ಹಳೆಯ ಮರದ ಮನೆಗೆ ಹಿಂದಿರುಗಿದರು. 1972ರಲ್ಲಿ ಟ್ರೂಮನ್ನರೂ 1982ರಲ್ಲಿ ಬೆಸ್ ಅವರೂ ಕಾಲವಾಗುವವರೆಗೆ ಅವರ ಮನೆ ಅದೇ ಆಗಿತ್ತು.

ಟ್ರೂಮನ್ನರ ರಿಪೇರಿಯಲ್ಲಿ ದೋಷಗಳಿಲ್ಲದೆ ಇಲ್ಲ. ಒಳಗೆ ಹಳೆಯ ಕಳೆ ಉಳಿದಿಲ್ಲವೆಂಬ ಕೊರತೆಯನ್ನು ನೀಗಿಸಲು 1961ರಲ್ಲಿ ಶ್ರೀಮತಿ ಕೆನೆಡಿಯವರು ಊರೂರುಗಳಿಂದ ಹಳೆಯ ಸಾಮಾನುಗಳನ್ನು ಮತ್ತೆ ಕೂಡಿಹಾಕಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಭವನದ ಪೂರ್ವ ಪಾರ್ಶ್ವದ ಕಟ್ಟಡವನ್ನು ಕೆಡವಿದಾಗ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಹಳೆಯ ಜಗಳ ಮತ್ತೊಮ್ಮೆ ಎದ್ದಿತು. ಆದರೆ ನಡುವಣ ಮುಖ್ಯ ಭವನ 1952ರ ಉಕ್ಕಿನ ಹಂದರದ ಮೇಲೆ, 1792ರಲ್ಲಿ ಆರಂಭವಾದ ಕಲ್ಲಿನ ಗೋಡೆಗಳ ನಡುವೆ ಇಂದಿಗೂ ಭದ್ರವಾಗಿ ನಿಂತಿದೆ.

ಹೊರಗೋಡೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬದಲಾದರೂ ಜನರು ಅದನ್ನು ಅದೇ ಮನೆಯೆಂದು ಒಪ್ಪಿಕೊಂಡರು. ಮೂರೂಕಾಲು ವರ್ಷ ಕಾದು ಹತ್ತು ತಿಂಗಳು ಮಾತ್ರ ಅನುಭವಿಸಿದ ಆ ಸಂಸಾರಕ್ಕೆ ಅದು ನಷ್ಟದ ಬಾಬತ್ತೆಂದು ಯಾರಾದರೂ ಹೇಳಬಹುದು. ಮನೆಗೆ ಭದ್ರವಾದ ಅಸ್ತಿವಾರ ಹಾಕಿಸುವವರು ಅದನ್ನು ತಮ್ಮ ಒಂದು ತಲೆಗಾಗಿ ಹಾಕಿಸುವುದಿಲ್ಲ ಎಂಬುದನ್ನು ಹಿರಿಯರಿಂದ ಮನೆ ಪಡೆದ ಯಾವ ಕುಟುಂಬವೂ ಬಲ್ಲದು.